ಒಂದು ಮೇಜು, ಎರಡು ಕಂಪ್ಯೂಟರ್: ಲೆಕ್ಕಪತ್ರಕ್ಕೆ ಪ್ರತ್ಯೇಕ ಯಂತ್ರವಿರಲಿ

ಅಂಗಡಿಯ ಮುಂಭಾಗದಲ್ಲಿ ಗಲ್ಲಾಪೆಟ್ಟಿಗೆ, ಒಳಕೋಣೆಯಲ್ಲಿ ತಿಜೋರಿ. ಇದು ನಮ್ಮ ವರ್ತಕರು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿರುವ ಏರ್ಪಾಡು. ಗಲ್ಲಾಪೆಟ್ಟಿಗೆಗೆ ದಿನವಿಡೀ ಹತ್ತಾರು ಕೈಗಳು ತಾಗುತ್ತವೆ. ಗಿರಾಕಿಗಳು ಅದರೆದುರಿಗೇ ನಿಂತಿರುತ್ತಾರೆ. ತಿಜೋರಿಯ ಬಳಿಗೆ ಹೋಗುವವನು ಮಾಲೀಕನೊಬ್ಬನೇ. ಎರಡರ ಬೀಗದ ಕೈಗಳೂ ಆತನ ಸೊಂಟದಲ್ಲೇ ಇದ್ದರೂ, ಪೆಟ್ಟಿಗೆಗಳೆರಡನ್ನೂ ಆತ ಒಂದು ಮಾಡಲಿಲ್ಲ. ಈ ವಿವೇಕವನ್ನು ಯಾವ ವಾಣಿಜ್ಯ ಕಾಲೇಜೂ ಆತನಿಗೆ ಕಲಿಸಬೇಕಾಗಿರಲಿಲ್ಲ.

ಕಂಪ್ಯೂಟರ್ ನಮ್ಮ ಮಳಿಗೆಗಳನ್ನೂ ಕಾರ್ಖಾನೆಗಳನ್ನೂ ಪ್ರವೇಶಿಸಿದ ಮೇಲೆ ಈ ವಿವೇಕ ಎಲ್ಲೋ ಮರೆಯಾಯಿತು ಎಂಬುದು ನನ್ನ ಅಭಿಪ್ರಾಯ. ಇಂದು ಬಹುತೇಕ ಸಣ್ಣ ವ್ಯವಹಾರಗಳಲ್ಲಿ ಒಂದೇ ಕಂಪ್ಯೂಟರ್ ಗಲ್ಲಾಪೆಟ್ಟಿಗೆಯೂ ಹೌದು, ತಿಜೋರಿಯೂ ಹೌದು. ಕಿರ್ದಿ, ಖಾತೆ, ದಾಸ್ತಾನು ಲೆಕ್ಕ, ಬ್ಯಾಂಕಿನ ವ್ಯವಹಾರ ಮತ್ತು ಜಿ.ಎಸ್.ಟಿ. ವಿವರಪತ್ರಗಳು ಯಾವ ಯಂತ್ರದಲ್ಲಿವೆಯೋ, ಅದೇ ಯಂತ್ರದಲ್ಲಿ ಅಪರಿಚಿತರ ಇ-ಮೇಲ್‌ಗಳನ್ನು ತೆರೆಯಲಾಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಡತಗಳನ್ನು ಇಳಿಸಿಕೊಳ್ಳಲಾಗುತ್ತದೆ, ಪ್ರತಿನಿಧಿಗಳು ತಂದ ಪೆನ್‌ಡ್ರೈವ್‌ಗಳನ್ನು ಚುಚ್ಚಲಾಗುತ್ತದೆ. ಬಿಡುವಿನ ವೇಳೆಯಲ್ಲಿ ಮಕ್ಕಳು ಆಟವಾಡುವುದೂ ಅದರಲ್ಲೇ.

ವ್ಯವಹಾರ ಎಷ್ಟೇ ಚಿಕ್ಕದಾಗಿರಲಿ, ಲೆಕ್ಕಪತ್ರ ಹಾಗೂ ಬ್ಯಾಂಕ್ ಕೆಲಸಕ್ಕೆ ಒಂದು ಕಂಪ್ಯೂಟರ್, ಹೊರಲೋಕದೊಡನೆ ವ್ಯವಹರಿಸಲು ಇನ್ನೊಂದು ಕಂಪ್ಯೂಟರ್ ಇರಲೇಬೇಕು. ಇದಕ್ಕಾಗಿ ಇನ್ನೊಂದು ಮೇಜನ್ನಾಗಲೀ, ಇನ್ನೊಂದು ಮಾನಿಟರ್, ಕೀಲಿಮಣೆ ಮತ್ತು ಮೌಸನ್ನಾಗಲೀ ಕೊಳ್ಳಬೇಕಾಗಿಲ್ಲ. ಒಂದೇ ಜೊತೆಯನ್ನು ಎರಡು ಯಂತ್ರಗಳಿಗೆ ಹಂಚಿಕೊಡುವ ಸಣ್ಣ ಉಪಕರಣವೊಂದು ಬಹುಕಾಲದಿಂದ ಮಾರುಕಟ್ಟೆಯಲ್ಲಿದೆ. ಇದನ್ನು ಸದಸ್ಯ ಮಿತ್ರರಿಗೆ ಮನದಟ್ಟು ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಕಳೆದುಹೋಗುವುದು ಏನು?

ನಮ್ಮ ಕಕ್ಷಿದಾರರಲ್ಲೊಬ್ಬರು ಕಿರಾಣಿ ಪದಾರ್ಥಗಳ ಸಗಟು ವ್ಯಾಪಾರಿಗಳು. ಅವರ ಕಚೇರಿಗೆ ಖರೀದಿ ಬಿಲ್ಲಿನಂತೆ ತೋರುವ ಲಗತ್ತನ್ನು ಹೊತ್ತ ಇ-ಮೇಲ್ ಒಂದು ಬಂದಿತು. ಗುಮಾಸ್ತರು ಅದನ್ನು ತೆರೆದರು. ಮರುದಿನ ಬೆಳಿಗ್ಗೆ ಲೆಕ್ಕದ ಕಡತಗಳೆಲ್ಲ ಬೀಗ ಜಡಿದಂತಾಗಿ, ಹಣ ಕೊಟ್ಟರೆ ಮಾತ್ರ ಬಿಡಿಸಿಕೊಡುವುದಾಗಿ ಪರದೆಯ ಮೇಲೆ ಒಕ್ಕಣೆ ಇತ್ತು. ಪ್ರತಿದಿನ ನಕಲು ತೆಗೆಯುತ್ತಿದ್ದ ಹೊರಡಿಸ್ಕ್ ಅದೇ ಯಂತ್ರಕ್ಕೆ ಸದಾ ಜೋಡಿಸಲ್ಪಟ್ಟಿದ್ದುದರಿಂದ ಅದರಲ್ಲಿದ್ದ ನಕಲಿಗೂ ಅದೇ ಗತಿಯಾಯಿತು. ಏಳು ತಿಂಗಳ ಲೆಕ್ಕವನ್ನು ಮೊದಲಿನಿಂದ ಬರೆಯಬೇಕಾಯಿತು.

ಇಂತಹ ಸಂದರ್ಭದಲ್ಲಿ ಮರಳಿ ಪಡೆಯಬಹುದಾದುದು ಏನು, ಪಡೆಯಲಾಗದುದು ಏನು ಎಂಬುದನ್ನು ಲೆಕ್ಕಪರಿಶೋಧಕನಾಗಿ ನಾನು ಬಲ್ಲೆ. ನೋಂದಾಯಿತ ಪೂರೈಕೆದಾರರಿಂದ ಮಾಡಿದ ಖರೀದಿಗಳು ಜಿ.ಎಸ್.ಟಿ. ಜಾಲತಾಣದ 2ಬಿ ನಮೂನೆಯಲ್ಲಿ ಸಿಗುತ್ತವೆ. ಬ್ಯಾಂಕಿನ ಜಮಾ ಖರ್ಚು ಬ್ಯಾಂಕಿನಿಂದ ದೊರೆಯುತ್ತದೆ. ಮಾರಾಟದ ಒಟ್ಟು ಮೊತ್ತವನ್ನು ಸಲ್ಲಿಸಿದ ವಿವರಪತ್ರಗಳಿಂದ ತಿಳಿಯಬಹುದು. ಆದರೆ ಹಳ್ಳಿಯ ಚಿಲ್ಲರೆ ಅಂಗಡಿಯವರಿಗೆ ಕೊಟ್ಟ ಉದ್ರಿ, ಅವರು ಕಂತುಕಂತಾಗಿ ತೀರಿಸಿದ ನಗದು, ಬಾಯಿಮಾತಿನಲ್ಲಿ ಒಪ್ಪಿದ ರಿಯಾಯಿತಿ, ಹಿಂತಿರುಗಿ ಬಂದ ಮಾಲು, ಇವು ಯಾವ ಸರ್ಕಾರಿ ಜಾಲತಾಣದಲ್ಲೂ ಇರುವುದಿಲ್ಲ. ಅವು ಇರುವುದು ವರ್ತಕನ ಸ್ವಂತ ಖಾತೆಯಲ್ಲಿ ಮಾತ್ರ. ಆ ಖಾತೆ ಹೋದರೆ ಬಾಕಿದಾರನ ಪ್ರಾಮಾಣಿಕತೆಯೇ ನಮಗುಳಿಯುವ ಏಕೈಕ ದಾಖಲೆ. ಮೇಲೆ ಹೇಳಿದ ಕಕ್ಷಿದಾರರಿಗೆ ಬಹುಮಂದಿ ಗಿರಾಕಿಗಳು ತಾವಾಗಿಯೇ ಬಂದು ಬಾಕಿಯನ್ನು ಒಪ್ಪಿಕೊಂಡರು. ಎಲ್ಲರೂ ಒಪ್ಪಿಕೊಳ್ಳಲಿಲ್ಲ ಎಂದಷ್ಟೇ ಹೇಳುತ್ತೇನೆ.

ಕಾನೂನಿನ ಹೊಣೆಯೂ ಇದೆ. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನ ಪ್ರಕಾರ ನೋಂದಾಯಿತ ವ್ಯಕ್ತಿಯು ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. ಅಂದರೆ 2021-22ನೇ ಸಾಲಿನ ಲೆಕ್ಕವನ್ನು 2028ರ ಡಿಸೆಂಬರ್ ಅಂತ್ಯದವರೆಗೆ ಜೋಪಾನ ಮಾಡಬೇಕು. ಕಂಪನಿಗಳಿಗೆ 2013ರ ಕಂಪನಿ ಕಾಯ್ದೆಯ 128ನೇ ಕಲಮು 8 ಹಣಕಾಸು ವರ್ಷಗಳ ಅವಧಿಯನ್ನು ವಿಧಿಸಿದೆ. ಇದಲ್ಲದೆ 2023ರ ಏಪ್ರಿಲ್ 1ರಿಂದ ಆರಂಭವಾದ ಹಣಕಾಸು ವರ್ಷದಿಂದ, ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ದಾಖಲಿಸಬೇಕು. ಆ ದಾಖಲೆಯನ್ನು ನಿಲ್ಲಿಸುವಂತಿರಬಾರದು. ಯಂತ್ರವೇ ಕೈಕೊಟ್ಟಾಗ ಈ ಜಾಡನ್ನು ಎಲ್ಲಿಂದ ತರುವುದು? ಪರಿಶೋಧನಾ ವರದಿಯಲ್ಲಿ ಅದನ್ನು ನಮೂದಿಸದೆ ನಮಗೆ ಬೇರೆ ದಾರಿಯಿರುವುದಿಲ್ಲ.

ಬ್ಯಾಂಕ್ ಖಾತೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಅನಧಿಕೃತ ವಿದ್ಯುನ್ಮಾನ ವಹಿವಾಟುಗಳಲ್ಲಿ ಗ್ರಾಹಕನ ಹೊಣೆಯನ್ನು ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಒಂದು ಮುಖ್ಯ ತತ್ವವನ್ನು ಸ್ಪಷ್ಟಪಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಲ್ಲಿ, ಮೂರು ಕೆಲಸದ ದಿನಗಳೊಳಗೆ ದೂರು ನೀಡಿದ ಗ್ರಾಹಕನಿಗೆ ಹೊಣೆಯಿಲ್ಲ. ಆದರೆ ನಷ್ಟವು ಗ್ರಾಹಕನ ನಿರ್ಲಕ್ಷ್ಯದಿಂದ ಉಂಟಾದುದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ಣ ನಷ್ಟ ಆತನದೇ. ಎಲ್ಲರೂ ಎಲ್ಲವನ್ನೂ ತೆರೆಯುವ ಯಂತ್ರದಲ್ಲಿ ಬ್ಯಾಂಕಿನ ಗುಪ್ತಪದವನ್ನು ಒತ್ತುವ ವರ್ತಕನು, ತಾನು ನಿರ್ಲಕ್ಷ್ಯ ಮಾಡಿಲ್ಲವೆಂದು ಎಷ್ಟು ಧೈರ್ಯದಿಂದ ವಾದಿಸಬಲ್ಲ?

"ಎರಡನೆಯದನ್ನು ಎಲ್ಲಿ ಇಡೋಣ, ಸಾಹೇಬರೇ?"

ಎರಡು ಕಂಪ್ಯೂಟರ್ ಇಡಿ ಎಂದು ಸಲಹೆ ನೀಡಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ಪ್ರಶ್ನೆ ನ್ಯಾಯವಾದುದೇ. ಪೇಟೆ ಬೀದಿಯ ಮಳಿಗೆಯಲ್ಲಿ ಒಂದು ಮೇಜಿಗೇ ಸ್ಥಳ ಸಾಲದು. ಅದರ ಮೇಲೆ ಮುದ್ರಣಯಂತ್ರ, ತೂಕದ ಯಂತ್ರ, ಬಿಲ್ ಪುಸ್ತಕ, ದೂರವಾಣಿಗಳ ನಡುವೆ ಇನ್ನೊಂದು ಮಾನಿಟರ್ ಮತ್ತು ಕೀಲಿಮಣೆಯನ್ನು ಇಡುವುದು ಅಸಾಧ್ಯ. ಇಟ್ಟರೂ ಮಾಲೀಕರು ಒಂದರಿಂದ ಇನ್ನೊಂದಕ್ಕೆ ಕುರ್ಚಿ ಸರಿಸುತ್ತಾ ಕೂರಲಾರರು. ನಾಲ್ಕು ದಿನ ಕಳೆದ ಮೇಲೆ ಎಲ್ಲ ಕೆಲಸವೂ ಪುನಃ ಒಂದೇ ಯಂತ್ರಕ್ಕೆ ಬಂದು ಸೇರುತ್ತದೆ. ಅನುಕೂಲಕರವಲ್ಲದ ಶಿಸ್ತು ಬಹುಕಾಲ ಬಾಳುವುದಿಲ್ಲ ಎಂಬುದು ಲೆಕ್ಕಶಾಸ್ತ್ರದಲ್ಲಿಯೂ ಸತ್ಯ.

ಇದಕ್ಕೆ ಪರಿಹಾರವೇ ಕೆ.ವಿ.ಎಂ. ಸ್ವಿಚ್. ಕೀಬೋರ್ಡ್, ವಿಡಿಯೋ, ಮೌಸ್ ಎಂಬ ಮೂರು ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಇದು ಅಂಗೈಯಗಲದ ಒಂದು ಪೆಟ್ಟಿಗೆ. ಇದರ ಒಂದು ಬದಿಗೆ ನಮ್ಮ ಕೀಲಿಮಣೆ, ಮೌಸ್ ಮತ್ತು ಮಾನಿಟರನ್ನು ಜೋಡಿಸಬೇಕು. ಇನ್ನೊಂದು ಬದಿಯಿಂದ ಎರಡು ಕಂಪ್ಯೂಟರುಗಳಿಗೂ ತಂತಿಗಳು ಹೋಗುತ್ತವೆ. ಗುಂಡಿಯನ್ನು ಒಮ್ಮೆ ಒತ್ತಿದರೆ ಮೂರೂ ಸಾಧನಗಳು ಮೊದಲನೆಯ ಕಂಪ್ಯೂಟರಿನ ವಶ. ಮತ್ತೊಮ್ಮೆ ಒತ್ತಿದರೆ ಎರಡನೆಯದರ ವಶ. ಬದಲಾವಣೆಗೆ ತಗಲುವುದು ಒಂದೆರಡು ಕ್ಷಣ ಮಾತ್ರ. ಕೆಲವು ಮಾದರಿಗಳಲ್ಲಿ ಕೀಲಿಮಣೆಯ ಸ್ಕ್ರಾಲ್ ಲಾಕ್ ಕೀಲಿಯನ್ನು ಎರಡು ಬಾರಿ ಒತ್ತುವ ಮೂಲಕವೂ ಬದಲಾಯಿಸಬಹುದು. ದೊಡ್ಡ ಸಂಸ್ಥೆಗಳ ಸರ್ವರ್ ಕೊಠಡಿಗಳಲ್ಲಿ ಹತ್ತಾರು ಯಂತ್ರಗಳನ್ನು ಒಂದೇ ಕೀಲಿಮಣೆಯಿಂದ ನೋಡಿಕೊಳ್ಳಲು ದಶಕಗಳಿಂದ ಬಳಕೆಯಲ್ಲಿರುವ ಸಾಧನವಿದು.

ಕಂಪ್ಯೂಟರಿನ ಪೆಟ್ಟಿಗೆಗಳೆರಡೂ ಮೇಜಿನ ಕೆಳಗಿರಲಿ. ಮೇಜಿನ ಮೇಲೆ ಇಂದು ಎಷ್ಟು ಸಾಮಾನಿದೆಯೋ ನಾಳೆಯೂ ಅಷ್ಟೇ ಇರುತ್ತದೆ. ಎರಡು ಬೀಗದ ಕೈಗಳು ಒಬ್ಬ ಮಾಲೀಕನ ಸೊಂಟದಲ್ಲಿದ್ದ ಹಳೆಯ ಪದ್ಧತಿಯೇ ಇಲ್ಲಿ ಹೊಸ ರೂಪದಲ್ಲಿ ಬಂದಿದೆ.

ತಂತಿಯ ಹಂಚಿಕೆಯೇ ಇರಲಿ, ತಂತ್ರಾಂಶದ ಹಂಚಿಕೆ ಬೇಡ

ಒಂದು ಕೀಲಿಮಣೆ ಮತ್ತು ಮೌಸನ್ನು ಎರಡು ಯಂತ್ರಗಳಿಗೆ ಹಂಚುವ ತಂತ್ರಾಂಶಗಳೂ ಇವೆ. 2001ರಲ್ಲಿ ಬಂದ ಸಿನರ್ಜಿ ಇವುಗಳಲ್ಲಿ ಹಳೆಯದು. ಮೈಕ್ರೋಸಾಫ್ಟ್ ಸಂಸ್ಥೆಯ ಮೌಸ್ ವಿದೌಟ್ ಬಾರ್ಡರ್ಸ್ 2011ರಲ್ಲಿ ಬಂದಿತು, ಉಚಿತವಾಗಿ ಸಿಗುತ್ತದೆ. ಎರಡೂ ಯಂತ್ರಗಳಿಗೆ ಪ್ರತ್ಯೇಕ ಮಾನಿಟರ್ ಇದ್ದಲ್ಲಿ, ಮೌಸಿನ ಬಾಣವನ್ನು ಒಂದರ ಅಂಚಿನಿಂದ ಇನ್ನೊಂದರೊಳಕ್ಕೆ ಸರಿಸಬಹುದು. ಒಂದರಲ್ಲಿ ನಕಲು ಮಾಡಿದುದನ್ನು ಇನ್ನೊಂದರಲ್ಲಿ ಅಂಟಿಸಬಹುದು. ವಿನ್ಯಾಸಗಾರರಿಗೂ ತಂತ್ರಾಂಶ ತಯಾರಕರಿಗೂ ಇವು ಬಹಳ ಉಪಯುಕ್ತ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ನಮ್ಮ ಉದ್ದೇಶಕ್ಕೆ ಇವು ಸಲ್ಲವು. ಕಾರಣ ಸರಳವಾಗಿದೆ. ಈ ತಂತ್ರಾಂಶಗಳಲ್ಲಿ ಕೀಲಿಮಣೆಯು ಒಂದು ಕಂಪ್ಯೂಟರಿಗೆ ಮಾತ್ರ ಜೋಡಿಸಲ್ಪಟ್ಟಿರುತ್ತದೆ. ನಾವು ಒತ್ತಿದ ಅಕ್ಷರಗಳು ಆ ಕಂಪ್ಯೂಟರಿನ ಮೂಲಕ ಹಾದು, ಜಾಲದ ದ್ವಾರಾ ಇನ್ನೊಂದನ್ನು ತಲುಪುತ್ತವೆ. ಕೀಲಿಮಣೆ ಹೊರಲೋಕದ ಯಂತ್ರಕ್ಕೆ ಜೋಡಿಸಿದ್ದು, ಅಲ್ಲಿ ಒತ್ತುವ ಅಕ್ಷರಗಳನ್ನು ಕದಿಯುವ ದುಷ್ಟ ತಂತ್ರಾಂಶವೇನಾದರೂ ಹೊಕ್ಕಿದ್ದರೆ, ಲೆಕ್ಕದ ಯಂತ್ರಕ್ಕೆಂದು ನಾವು ಒತ್ತಿದ ಬ್ಯಾಂಕ್ ಗುಪ್ತಪದವೂ ಅದರ ಕೈಸೇರುತ್ತದೆ. ಅಂಟಿಸುವ ಸೌಲಭ್ಯವಂತೂ ಎರಡು ಕೋಣೆಗಳ ನಡುವಣ ಗೋಡೆಗೆ ಕಿಟಕಿ ತೆಗೆದಂತೆ.

ತಂತಿಯ ಸ್ವಿಚ್ಚಿನಲ್ಲಿ ಹೀಗಾಗುವುದಿಲ್ಲ. ಸಾಮಾನ್ಯ ಸ್ವಿಚ್ ಯಾವ ಕಂಪ್ಯೂಟರಿನ ಕಡೆಗೆ ತಿರುಗಿದೆಯೋ ಅದಕ್ಕಷ್ಟೇ ಅಕ್ಷರಗಳು ತಲುಪುತ್ತವೆ. ಒಂದು ಯಂತ್ರದ ಕಡತವನ್ನು ಇನ್ನೊಂದಕ್ಕೆ ಸಾಗಿಸುವ ಏರ್ಪಾಡು ಅದರಲ್ಲಿಲ್ಲ. ಅಕ್ಷರ ಕದಿಯುವ ತಂತ್ರಾಂಶ ವಾಸಿಸುವುದು ಕಂಪ್ಯೂಟರಿನಲ್ಲೇ ಹೊರತು ಕೀಲಿಮಣೆಯಲ್ಲಲ್ಲವಾದ್ದರಿಂದ, ಕೀಲಿಮಣೆಯನ್ನು ಹಂಚಿಕೊಂಡ ಮಾತ್ರಕ್ಕೆ ಸೋಂಕು ದಾಟುವುದಿಲ್ಲ. ರಕ್ಷಣಾ ಇಲಾಖೆಯಂತಹ ಕಡೆಗಳಲ್ಲಿ ಇನ್ನೂ ಕಟ್ಟುನಿಟ್ಟಾದ, ವಿಶೇಷ ಪರೀಕ್ಷೆಗೊಳಪಟ್ಟ ಸ್ವಿಚ್ಚುಗಳನ್ನು ಬಳಸುವುದುಂಟು. ನಮ್ಮ ಅಂಗಡಿಗಳಿಗೆ ಅಷ್ಟು ಬೇಕಿಲ್ಲ.

ಯಾವ ಯಂತ್ರಕ್ಕೆ ಯಾವ ಕೆಲಸ?

ಲೆಕ್ಕದ ಕಂಪ್ಯೂಟರನ್ನು ಅಂತರಜಾಲದಿಂದ ಸಂಪೂರ್ಣ ದೂರವಿಡುವುದು ಇಂದು ಬಹುಮಂದಿಗೆ ಸಾಧ್ಯವಿಲ್ಲ ಎಂಬುದನ್ನು ಒಪ್ಪಬೇಕು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಇ-ವೇ ಬಿಲ್, ವಿವರಪತ್ರ, ತೆರಿಗೆ ಪಾವತಿ ಎಲ್ಲವೂ ಜಾಲತಾಣದ ಮೂಲಕವೇ. ಆದುದರಿಂದ ನಿಯಮವನ್ನು ಹೀಗೆ ಇಟ್ಟುಕೊಳ್ಳಬಹುದು: ಲೆಕ್ಕದ ಕಂಪ್ಯೂಟರಿನಿಂದ ಹೋಗಬಹುದಾದ ತಾಣಗಳು ಬ್ಯಾಂಕ್, ಜಿ.ಎಸ್.ಟಿ., ಇ-ವೇ ಬಿಲ್, ಆದಾಯ ತೆರಿಗೆ ಮತ್ತು ಲೆಕ್ಕದ ತಂತ್ರಾಂಶ ತಯಾರಕರ ತಾಣ ಮಾತ್ರ. ಅದರಲ್ಲಿ ಇ-ಮೇಲ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ, ಹುಡುಕಾಟವಿಲ್ಲ, ಹೊರಗಿನ ಪೆನ್‌ಡ್ರೈವ್ ಇಲ್ಲ. ಉಳಿದುದೆಲ್ಲ ಎರಡನೆಯ ಯಂತ್ರದಲ್ಲಿ.

ಈ ಎರಡನೆಯ ಯಂತ್ರ ಎಲ್ಲಿಂದ ಬರಬೇಕು? ಬಹುಮಂದಿ ಸದಸ್ಯರ ಬಳಿ ಅದು ಈಗಾಗಲೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11 ಬೇಡುವ ಟಿ.ಪಿ.ಎಂ. 2.0 ಭದ್ರತಾ ಸೌಲಭ್ಯ ಹಳೆಯ ಯಂತ್ರಗಳಲ್ಲಿ ಇಲ್ಲದಿರುವುದರಿಂದ ಅನೇಕರು ಹೊಸ ಕಂಪ್ಯೂಟರ್ ಕೊಂಡಿದ್ದಾರೆ, ಇಲ್ಲವೇ ಕೊಳ್ಳುವವರಿದ್ದಾರೆ. ಹಳೆಯದು ಮೂಲೆ ಸೇರುತ್ತದೆ, ಅಥವಾ ಕೈಗೆ ಬಂದ ಬೆಲೆಗೆ ಮಾರಾಟವಾಗುತ್ತದೆ. ಡಿಸ್ಕಿನಲ್ಲಿರುವ ಲೆಕ್ಕ ಸಮೇತವಾಗಿ ಮಾರಿದವರನ್ನೂ ನಾನು ಬಲ್ಲೆ.

ಹೊಸ ಯಂತ್ರಕ್ಕೆ ಲೆಕ್ಕಪತ್ರವನ್ನೂ ಬ್ಯಾಂಕ್ ಕೆಲಸವನ್ನೂ ವರ್ಗಾಯಿಸಿರಿ. ಹಳೆಯ ಯಂತ್ರದ ಡಿಸ್ಕಿನಲ್ಲಿದ್ದ ಲೆಕ್ಕವನ್ನು ನಕಲು ತೆಗೆದುಕೊಂಡು, ಅದು ಸರಿಯಾಗಿ ತೆರೆಯುತ್ತದೆಂದು ಪರೀಕ್ಷಿಸಿ, ಅನಂತರ ಡಿಸ್ಕನ್ನು ಅಳಿಸಿ, ಉಬುಂಟು ಮೊದಲಾದ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಹಾಕಿಸಿರಿ. ಇದಕ್ಕೆ ಭದ್ರತಾ ಪರಿಷ್ಕರಣೆಗಳು ಬರುತ್ತಲೇ ಇರುತ್ತವೆ. ಇ-ಮೇಲ್ ನೋಡಲು, ದರ ವಿಚಾರಿಸಲು, ಪತ್ರ ಬರೆಯಲು ಅಷ್ಟು ಸಾಕು. ವಿಂಡೋಸ್ 10 ಅನ್ನೇ ಉಳಿಸಿಕೊಂಡು, ಭದ್ರತಾ ಪರಿಷ್ಕರಣೆಯಿಲ್ಲದ ಯಂತ್ರವನ್ನು ಹೊರಲೋಕಕ್ಕೆ ಬಿಡುವುದು ಮಾತ್ರ ಸರಿಯಲ್ಲ.

ಸಣ್ಣ ಕೈಗಾರಿಕೆಗಳಲ್ಲಿ ಇನ್ನೊಂದು ಬಗೆಯ ಜೋಡಿಯನ್ನು ಕಾಣುತ್ತೇವೆ. ಸಿ.ಎನ್.ಸಿ. ಯಂತ್ರಕ್ಕೋ ಪರೀಕ್ಷಣಾ ಉಪಕರಣಕ್ಕೋ ಜೋಡಿಸಿದ ಹಳೆಯ ಕಂಪ್ಯೂಟರಿನಲ್ಲಿ ಇಂದಿಗೂ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ನಡೆಯುತ್ತಿರುತ್ತದೆ. ಉಪಕರಣದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ಓಡದೆ ಇರುವುದೇ ಇದಕ್ಕೆ ಕಾರಣ. ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ನಿಂತುಹೋಯಿತು. ಇಂತಹ ಯಂತ್ರವನ್ನು ಕಿತ್ತೊಗೆಯಬೇಕಾಗಿಲ್ಲ. ಅದರ ಜಾಲದ ತಂತಿಯನ್ನು ಕಿತ್ತರೆ ಸಾಕು. ಅದರ ಪಕ್ಕದಲ್ಲಿ ಕಚೇರಿಯ ಕಂಪ್ಯೂಟರ್ ಇದ್ದರೆ ಎರಡಕ್ಕೂ ಒಂದೇ ಮಾನಿಟರ್ ಮತ್ತು ಕೀಲಿಮಣೆ ಸಾಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆ.ವಿ.ಎಂ. ಸ್ವಿಚ್ ಬೇರ್ಪಡಿಸುವುದು ನಮ್ಮ ಕೈ ಮತ್ತು ಕಣ್ಣುಗಳ ಕೆಲಸವನ್ನೇ ಹೊರತು ಜಾಲವನ್ನಲ್ಲ. ಎರಡೂ ಯಂತ್ರಗಳು ಒಂದೇ ರೌಟರಿಗೆ ಜೋಡಣೆಯಾಗಿ, ಕಡತಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರೆ ಪ್ರಯೋಜನವಿಲ್ಲ. 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಒಂದು ಯಂತ್ರದಿಂದ ಮತ್ತೊಂದಕ್ಕೆ ದಾಟಿದ್ದು ವಿಂಡೋಸಿನ ಕಡತ ಹಂಚಿಕೆಯ ಲೋಪವೊಂದರ ಮೂಲಕ; ಎರಡನೆಯ ಯಂತ್ರದಲ್ಲಿ ಯಾರೂ ಏನನ್ನೂ ತೆರೆಯಬೇಕಾಗಿರಲಿಲ್ಲ. ಆ ಲೋಪಕ್ಕೆ ಪರಿಹಾರವನ್ನು ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲೇ, ಬಿಡುಗಡೆ ಮಾಡಲಾಗಿತ್ತು, ಹಾಕಿಕೊಳ್ಳದವರು ತೊಂದರೆಗೊಳಗಾದರು. ಆದುದರಿಂದ ಹೊರಲೋಕದ ಯಂತ್ರವನ್ನು ರೌಟರಿನ ಅತಿಥಿ ಜಾಲಕ್ಕೆ ಜೋಡಿಸಿ ಅಥವಾ ಅದಕ್ಕೆ ಪ್ರತ್ಯೇಕ ಸಂಪರ್ಕ ಕೊಡಿ. ಕಡತ ಹಂಚಿಕೆಯನ್ನು ಎರಡರಲ್ಲೂ ಮುಚ್ಚಿಸಿರಿ.

ಕೊಳ್ಳುವಾಗ ಗಮನಿಸಬೇಕಾದುದು

ಅಂಗಡಿಗೆ ಹೋಗುವ ಮುನ್ನ ಎರಡೂ ಕಂಪ್ಯೂಟರುಗಳ ಹಿಂಬದಿಯ ಚಿತ್ರ ತೆಗೆದುಕೊಂಡು ಹೋಗಿರಿ. ಹಳೆಯದರಲ್ಲಿ ವಿ.ಜಿ.ಎ. ಕಿಂಡಿ, ಹೊಸದರಲ್ಲಿ ಎಚ್.ಡಿ.ಎಂ.ಐ. ಕಿಂಡಿ ಇರುವುದು ಸಾಮಾನ್ಯ. ಇವೆರಡನ್ನು ಬರಿಯ ತಂತಿಯಿಂದ ಕೂಡಿಸಲಾಗದು, ಪರಿವರ್ತಕ ಬೇಕಾಗುತ್ತದೆ. ಆದರೆ ನಿಮ್ಮ ಮಾನಿಟರಿನಲ್ಲಿಯೇ ಎರಡೂ ಬಗೆಯ ಕಿಂಡಿಗಳಿದ್ದರೆ ಇನ್ನೊಂದು ಅಗ್ಗದ ಮಾರ್ಗವಿದೆ. ಎರಡೂ ಕಂಪ್ಯೂಟರುಗಳನ್ನು ನೇರವಾಗಿ ಮಾನಿಟರಿಗೆ ಜೋಡಿಸಿ, ಕೀಲಿಮಣೆ ಮತ್ತು ಮೌಸಿಗೆ ಮಾತ್ರ ಯು.ಎಸ್.ಬಿ. ಹಂಚಿಕೆಯ ಸ್ವಿಚ್ ಕೊಂಡರಾಯಿತು. ಆಗ ಮಾನಿಟರಿನ ಗುಂಡಿಯನ್ನೂ ಸ್ವಿಚ್ಚಿನ ಗುಂಡಿಯನ್ನೂ ಬೇರೆಬೇರೆಯಾಗಿ ಒತ್ತಬೇಕಾಗುತ್ತದೆ, ಅಷ್ಟೇ ಅನನುಕೂಲ.

ತಂತಿಗಳು ಪೆಟ್ಟಿಗೆಯೊಡನೆ ಬರುತ್ತವೆಯೇ ಎಂದು ಕೇಳಿರಿ. ಕೆಲವೊಮ್ಮೆ ತಂತಿಗಳ ಬೆಲೆಯೇ ಹೊರೆಯಾಗುತ್ತದೆ. ಕೀಲಿಮಣೆಗೆ ತಂತಿಯಿರುವುದೇ ಲೇಸು. ತಂತಿರಹಿತ ಕೀಲಿಮಣೆಗಳೊಡನೆ ಕೆಲವು ಸ್ವಿಚ್ಚುಗಳ ಕೀಲಿ ಆಜ್ಞೆಗಳು ಕೆಲಸ ಮಾಡುವುದಿಲ್ಲ. ಬದಲಾಯಿಸಿದಾಗಲೆಲ್ಲ ಪರದೆಯ ಮೇಲಿನ ಕಿಟಕಿಗಳು ಸ್ಥಳ ಬದಲಿಸುವ ಕಿರಿಕಿರಿ ಕೆಳದರ್ಜೆಯ ಸ್ವಿಚ್ಚುಗಳಲ್ಲಿ ಕಂಡುಬರುತ್ತದೆ. ಮಾನಿಟರ್ ಬೇರ್ಪಟ್ಟಿತೆಂದು ಕಂಪ್ಯೂಟರ್ ಭಾವಿಸುವುದೇ ಇದಕ್ಕೆ ಕಾರಣ. ಆದುದರಿಂದ ಅಂಗಡಿಯಲ್ಲೇ ಜೋಡಿಸಿ ತೋರಿಸಲು ಹೇಳಿ, ಒಪ್ಪಿಗೆಯಾದ ಮೇಲೆ ಹಣ ಕೊಡಿ.

ಸ್ವಿಚ್ಚಿನಲ್ಲಿ ಪೆನ್‌ಡ್ರೈವಿಗೆಂದು ಹೆಚ್ಚುವರಿ ಯು.ಎಸ್.ಬಿ. ಕಿಂಡಿಗಳಿರುವುದುಂಟು. ಅವುಗಳಿಗೆ ಅಂಟುಪಟ್ಟಿ ಹಚ್ಚಿ ಮುಚ್ಚಿಬಿಡಿ. ಅಲ್ಲಿ ಚುಚ್ಚಿದ ಪೆನ್‌ಡ್ರೈವ್ ಗುಂಡಿ ಒತ್ತಿದಾಗಲೆಲ್ಲ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿಯೇ ದಾಟುತ್ತದೆ. ನಾವು ಕಟ್ಟಿದ ಗೋಡೆ ಅಲ್ಲಿಗೆ ಕುಸಿಯಿತು. ಡಿಜಿಟಲ್ ಸಹಿಯ ಟೋಕನ್ನನ್ನಂತೂ ಎಂದಿಗೂ ಸ್ವಿಚ್ಚಿಗೆ ಚುಚ್ಚಬಾರದು. ಅದನ್ನು ನೇರವಾಗಿ ಲೆಕ್ಕದ ಯಂತ್ರಕ್ಕೆ ಚುಚ್ಚಿ, ಸಹಿ ಹಾಕಿದ ಕೂಡಲೇ ತೆಗೆದು ಬೀಗದಲ್ಲಿಡಬೇಕು. ಅದು ನಿಮ್ಮ ಹಸ್ತಾಕ್ಷರಕ್ಕೆ ಸಮಾನ.

ಉಪಕರಣದ ಜೊತೆಗೆ ಶಿಸ್ತು

ಲೆಕ್ಕಪರಿಶೋಧಕರು ಆಂತರಿಕ ನಿಯಂತ್ರಣ ಎಂದು ಕರೆಯುವುದು ಇಲ್ಲಿಯೂ ಅವಶ್ಯ. ಸ್ವಿಚ್ಚನ್ನು ಹೊರಲೋಕದ ಕಡೆಗೆ ತಿರುಗಿಸಿದಾಗ ಲೆಕ್ಕದ ಯಂತ್ರ ನಿಂತಿರುವುದಿಲ್ಲ. ಕಣ್ಣಿಗೆ ಕಾಣದಂತೆ ತೆರೆದೇ ಇರುತ್ತದೆ. ಮಾಲೀಕರು ಊಟಕ್ಕೆ ಎದ್ದಾಗ ಗುಂಡಿ ಒತ್ತಿದವರಿಗೆಲ್ಲ ಖಾತೆ ಕಾಣುತ್ತದೆ. ಆದುದರಿಂದ ಬದಲಾಯಿಸುವ ಮುನ್ನ ವಿಂಡೋಸ್ ಕೀಲಿ ಮತ್ತು ಎಲ್ ಕೀಲಿಯನ್ನು ಒಟ್ಟಿಗೆ ಒತ್ತಿ ಪರದೆಗೆ ಬೀಗ ಹಾಕುವ ಅಭ್ಯಾಸವಿರಲಿ. ಎರಡೂ ಯಂತ್ರಗಳಿಗೆ ಬೇರೆಬೇರೆ ಗುಪ್ತಪದಗಳಿರಲಿ. ಪರದೆಯ ಹಿನ್ನೆಲೆ ಲೆಕ್ಕದ ಯಂತ್ರದಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು ಇರಲಿ. ಯಾವುದರಲ್ಲಿದ್ದೇವೆ ಎಂಬ ಗೊಂದಲ ಆಗದು.

ಇ-ಮೇಲ್‌ನಲ್ಲಿ ಬಂದ ಬಿಲ್ಲನ್ನು ಲೆಕ್ಕಕ್ಕೆ ತರುವುದು ಹೇಗೆ ಎಂದು ಕೇಳಬಹುದು. ಹೊರಲೋಕದ ಯಂತ್ರದಿಂದ ಮುದ್ರಿಸಿ, ಕಾಗದ ನೋಡಿ ನಮೂದಿಸಿರಿ. ಇದು ಹಿಂದಕ್ಕೆ ಹೋದಂತೆ ಕಂಡೀತು. ಆದರೆ ಕಾಗದಕ್ಕೆ ವೈರಸ್ ತಗಲುವುದಿಲ್ಲ. ಅದೇ ಕಾಗದ ಪರಿಶೋಧನೆಯ ವೇಳೆ ಓಚರೂ ಆಗುತ್ತದೆ. ಇನ್ನು ನಕಲು ತೆಗೆಯುವ ಡಿಸ್ಕ್ ಲೆಕ್ಕದ ಯಂತ್ರಕ್ಕೆ ಮಾತ್ರ ಮೀಸಲಾಗಿದ್ದು, ಕೆಲಸ ಮುಗಿದೊಡನೆ ಬೇರ್ಪಡಿಸಲ್ಪಡಬೇಕು. ಮೇಲೆ ಹೇಳಿದ ಸಗಟು ವ್ಯಾಪಾರಿಗಳು ಇಂದು ಎರಡು ಡಿಸ್ಕುಗಳನ್ನು ವಾರಕ್ಕೊಂದರಂತೆ ಬಳಸಿ, ಒಂದನ್ನು ಮನೆಯಲ್ಲಿಡುತ್ತಿದ್ದಾರೆ.

ಈ ಏರ್ಪಾಡು ಎಲ್ಲ ವಂಚನೆಗಳನ್ನೂ ತಡೆಯುತ್ತದೆಂದು ನಾನು ಹೇಳುವುದಿಲ್ಲ. ಪೂರೈಕೆದಾರರ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂಬ ಸುಳ್ಳು ಇ-ಮೇಲ್ ಬಂದರೆ ಯಾವ ಸ್ವಿಚ್ಚೂ ಕಾಪಾಡದು. ಹಳೆಯ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸುವುದೇ ಅದಕ್ಕೆ ಮದ್ದು. ಹಣ ಹೋದದ್ದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಂಖ್ಯೆಯ ಸಹಾಯವಾಣಿಗೂ ತಿಳಿಸಬೇಕು. ಸೈಬರ್ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸಿ.ಇ.ಆರ್.ಟಿ.-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿರುವುದನ್ನೂ ಸದಸ್ಯರು ಗಮನದಲ್ಲಿಡಬೇಕು.

ಲೆಕ್ಕ ಹಾಕಿ ನೋಡೋಣ

ಮಾನಿಟರ್ ಒಂದು ಕಡಿಮೆಯಾದರೆ ವಿದ್ಯುತ್ ಉಳಿಯುತ್ತದೆ ಎಂದು ಮಾರಾಟಗಾರರು ಹೇಳುವುದುಂಟು. 20 ವಾಟಿನ ಮಾನಿಟರ್ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ಉರಿದರೆ 48 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 384 ರೂಪಾಯಿ. ಇದೊಂದು ದೊಡ್ಡ ಉಳಿತಾಯವಲ್ಲ. ನಿಜವಾದ ಉಳಿತಾಯ ಮಾನಿಟರಿನ ಬೆಲೆ ಮತ್ತು ಮೇಜಿನ ಸ್ಥಳ. ಸ್ವಿಚ್ಚಿಗೆ ತಗಲುವುದು ಕೆಲವೇ ಸಾವಿರ ರೂಪಾಯಿ. ಹಳೆಯ ಯಂತ್ರಕ್ಕೆ ಹೊಸದಾಗಿ ಖರ್ಚಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ತೊಡಕಿಲ್ಲ. ಮುದ್ರಣಯಂತ್ರ, ಸ್ಕ್ಯಾನರ್ ಮುಂತಾದ ಪೂರಕ ಸಾಧನಗಳು ಕಂಪ್ಯೂಟರ್ ವ್ಯವಸ್ಥೆಯ ಅವಿಭಾಜ್ಯ ಅಂಗವೆಂದು ದೆಹಲಿ ಉಚ್ಚ ನ್ಯಾಯಾಲಯ 2010ರಲ್ಲಿ, ಬಿ.ಎಸ್.ಇ.ಎಸ್. ರಾಜಧಾನಿ ಪವರ್ಸ್ ಪ್ರಕರಣದಲ್ಲಿ ತೀರ್ಮಾನಿಸಿತು. ಕಂಪ್ಯೂಟರಿಗೆ ಸಲ್ಲುವ ಸವಕಳಿ ದರ ಅಂದು ಶೇಕಡಾ 60 ಇತ್ತು. 2017-18ನೇ ಹಣಕಾಸು ವರ್ಷದಿಂದ ಶೇಕಡಾ 40ಕ್ಕೆ ಇಳಿಯಿತು. ಕಂಪ್ಯೂಟರಿನೊಡನೆಯೇ ಕೆಲಸ ಮಾಡುವ ಸ್ವಿಚ್ಚನ್ನೂ ಇದೇ ನ್ಯಾಯದಿಂದ ಕಂಪ್ಯೂಟರ್ ಬ್ಲಾಕಿಗೆ ಸೇರಿಸುವುದು ಸಮಂಜಸ. ವ್ಯವಹಾರಕ್ಕಾಗಿ ಕೊಂಡುದಾದ್ದರಿಂದ, ಕಾಂಪೋಸಿಷನ್ ಪದ್ಧತಿಯಲ್ಲಿಲ್ಲದ ನೋಂದಾಯಿತರು ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯನ್ನೂ ಪಡೆಯಬಹುದು. ಆದರೆ ಜಮೆ ಪಡೆದ ತೆರಿಗೆಯ ಮೇಲೆ ಸವಕಳಿ ಕೇಳುವಂತಿಲ್ಲ. ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲಿ, ನೋಂದಣಿ ಸಂಖ್ಯೆ ಸಹಿತವಾಗಿ ಪಡೆಯಲು ಮರೆಯಬಾರದು.

"ಈಗ ಎಲ್ಲವೂ ಕ್ಲೌಡಿನಲ್ಲಿದೆಯಲ್ಲ, ಇದೆಲ್ಲ ಏಕೆ?" ಎನ್ನುವವರೂ ಇದ್ದಾರೆ. ಲೆಕ್ಕ ಎಲ್ಲೇ ಇರಲಿ, ಅದರ ಗುಪ್ತಪದವನ್ನು ಒತ್ತುವುದು ನಮ್ಮ ಮೇಜಿನ ಮೇಲಿನ ಯಂತ್ರದಲ್ಲಿಯೇ. ತಿಜೋರಿಯನ್ನು ಬ್ಯಾಂಕಿನ ಲಾಕರಿಗೆ ಸಾಗಿಸಿ, ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯಲ್ಲೇ ಬಿಟ್ಟಂತೆ ಆಗಬಾರದು.

ಕೊನೆಯದಾಗಿ ನಮ್ಮ ವಾಣಿಜ್ಯ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ತೆರಿಗೆ ಬದಲಾವಣೆಗಳ ಬಗ್ಗೆ ನಾವು ಸಭೆಗಳನ್ನು ನಡೆಸುತ್ತೇವೆ, ಅವು ಬೇಕಾದವೇ. ಅಂತಹದೇ ಒಂದು ಸಂಜೆಯನ್ನು ಈ ವಿಷಯಕ್ಕೆ ಮೀಸಲಿಟ್ಟು, ಎರಡು ಕಂಪ್ಯೂಟರು, ಒಂದು ಮಾನಿಟರು, ಒಂದು ಸ್ವಿಚ್ ಜೋಡಿಸಿ ಸದಸ್ಯರಿಗೆ ಪ್ರತ್ಯಕ್ಷವಾಗಿ ತೋರಿಸಬೇಕು. ನಗರದ ಹಾರ್ಡ್‌ವೇರ್ ವ್ಯಾಪಾರಿಗಳೂ ನಮ್ಮ ಸದಸ್ಯರೇ ಆಗಿರುವುದರಿಂದ ಒಟ್ಟಾಗಿ ಕೊಳ್ಳುವವರಿಗೆ ರಿಯಾಯಿತಿ ದರವನ್ನೂ ಗೊತ್ತುಪಡಿಸಬಹುದು. ಸದಸ್ಯ ಮಿತ್ರರು ಅಲ್ಲಿಯವರೆಗೆ ಕಾಯದೆ, ತಮ್ಮ ಬ್ಯಾಂಕ್ ಗುಪ್ತಪದವನ್ನು ಯಾವ ಯಂತ್ರದಲ್ಲಿ ಒತ್ತುತ್ತಿದ್ದೇವೆ, ಆ ಯಂತ್ರವನ್ನು ಇನ್ನಾರು ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ ಎಂಬುದನ್ನು ಇಂದೇ ವಿಚಾರಿಸಿ ನೋಡಬೇಕೆಂದು ಕೋರುತ್ತೇನೆ.